ಹಿರೇಹಳ್ಳ ದಾಟಲು ಬ್ರೀದರ್ ಪೈಪ್: ಕಾಕಾನ ಎಂಎಂ540 ಕೆಲಸ

ಕಾಕಾನ ಜೀಪಿನ ಹಿಂದಿನ ಆಕ್ಸಲ್ ಹೌಸಿಂಗ್‌ನ, ಅಂದರೆ ಹಿಂದಿನ ಚಕ್ರಗಳ ನಡುವೆ ಗೇರು, ಆಯಿಲ್ ತುಂಬಿದ ಕವಚದ, ಡ್ರೇನ್ ಬೋಲ್ಟ್ ಬಿಚ್ಚಿದಾಗ ಮೊದಲು ಬಂದದ್ದು ನೀರು. ಒಂದು ಲೋಟ ತುಂಬುವಷ್ಟು ಇತ್ತು. ನೀರು ಆಯಿಲ್‌ಗಿಂತ ಭಾರ, ಅದಕ್ಕೇ ತಳ ಹಿಡಿದು ಕೂತಿತ್ತು. ಅದರ ಹಿಂದೆ ಬಂದದ್ದಕ್ಕೆ ಗೇರ್ ಆಯಿಲ್ ಅನ್ನಲು ಮನಸ್ಸು ಬರಲಿಲ್ಲ. ಹಾಲು ಜಾಸ್ತಿಯಾದ ಚಹಾದ ಬಣ್ಣ. ಬೆರಳಿಗೆ ತಗೊಂಡರೆ ಗಟ್ಟಿ ಮಜ್ಜಿಗೆ. ಹಿಂದಿನ ಕವರ್ ಬಿಚ್ಚಿ ನೋಡಿದೆ. ಒಳಗಿನ ದೊಡ್ಡ ಹಲ್ಲುಚಕ್ರ, ಕ್ರೌನ್ ವ್ಹೀಲ್‌ನ ಮೇಲಿನ ಅರ್ಧ, ಅಂದರೆ ಆಯಿಲ್‌ನಲ್ಲಿ ಮುಳುಗದೆ ನಿಂತಿದ್ದ ಭಾಗ, ತುಕ್ಕು ಹಿಡಿದು ಕೆಂಪಾಗಿತ್ತು. ಬೇರಿಂಗ್ ರೋಲರ್ ಮೇಲೆ ಉಗುರು ಆಡಿಸಿದರೆ ಸಣ್ಣ ಸಣ್ಣ ಗುಂಡಿ ತಾಗುತ್ತಿದ್ದವು.

ಇದು ನಮ್ಮ ಕಾಕಾ 1989ರಲ್ಲಿ ಕೊಂಡ ಮಹೀಂದ್ರಾ ಎಂಎಂ540. ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ, ನಾಲ್ಕು ಗೇರು. ಕೊಪ್ಪಳ ತಾಲ್ಲೂಕಿನಲ್ಲಿ, ಕಿನ್ನಾಳದ ಆಚೆ ನಮ್ಮ ಹೊಲ. ಹೊಲಕ್ಕೆ ಹೋಗಬೇಕಾದರೆ ಹಿರೇಹಳ್ಳ ದಾಟಬೇಕು. ಬೇಸಿಗೆಯಲ್ಲಿ ಬರೀ ಉಸುಕು, ಮಳೆಗಾಲದಲ್ಲಿ ಮೊಣಕಾಲಿನ ಮಟ್ಟ ನೀರು. ಮೆಕ್ಕೆಜೋಳದ ಚೀಲ, ಗೊಬ್ಬರ, ಆಳು ಮಕ್ಕಳು, ಒಮ್ಮೊಮ್ಮೆ ಬಾಣಂತಿ, ಎಲ್ಲರನ್ನೂ ಈ ಗಾಡಿ ಹಳ್ಳ ದಾಟಿಸಿದೆ. ಕೊನೆಗೆ ಹಿಂದಿನ ಆಕ್ಸಲ್ ಕೂಗಲು ಶುರು ಮಾಡಿತು. ಎಂಟು ವರ್ಷ ಬೇವಿನ ಮರದ ಕೆಳಗೆ ನಿಂತಿತು.

ಎಂಜಿನ್, ಬ್ರೇಕ್, ವೈರಿಂಗ್, ತಗಡಿನ ಕೆಲಸ ಎಲ್ಲ ಒಂದೊಂದಾಗಿ ನಡೆದಿವೆ. ಅವುಗಳ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನಿಲ್ಲಿ ಬರೆಯುತ್ತಿರುವುದು ಬ್ರೀದರ್ ಪೈಪ್‌ಗಳ ಬಗ್ಗೆ ಮಾತ್ರ, ಅಂದರೆ ಆಕ್ಸಲ್, ಗೇರ್‌ಬಾಕ್ಸಿನಂಥ ಮುಚ್ಚಿದ ಭಾಗಗಳ ಗಾಳಿ ಬಂದುಹೋಗುವ ಕೊಳವೆಗಳ ಬಗ್ಗೆ. ಈ ಗಾಡಿಯ ಆಕ್ಸಲ್ ಸತ್ತದ್ದು ಬೇರಿಂಗ್‌ನಿಂದಲ್ಲ, ಸೀಲ್‌ನಿಂದಲೂ ಅಲ್ಲ. ಬೆರಳಿನ ತುದಿಯಷ್ಟು ದೊಡ್ಡ ಒಂದು ಬ್ರೀದರ್‌ನಿಂದ.

ಮೂರು ಸಲ ಬದಲಾದ ಸೀಲು

ಕಾಕಾನ ಹತ್ತಿರ ಹಳೆಯ ಬಿಲ್ಲುಗಳ ಕಟ್ಟು ಇದೆ. ಅದರಲ್ಲಿ ಎರಡು ವರ್ಷದ ಒಳಗೆ ಮೂರು ಸಲ ಹಿಂದಿನ ಪಿನಿಯನ್ ಸೀಲ್, ಅಂದರೆ ಶಾಫ್ಟ್ ಹೌಸಿಂಗ್ ಹೊಗುವಲ್ಲಿ ಆಯಿಲ್ ತಡೆಯುವ ರಬ್ಬರ್ ತುಟಿಯ ಉಂಗುರ, ಬದಲಾಯಿಸಿದ್ದು ಕಾಣುತ್ತದೆ. ಒಂದು ಸಲ ಬ್ರೇಕ್ ಲೈನರ್ ಕೂಡ, ಯಾಕೆಂದರೆ ಆಯಿಲ್ ಡ್ರಮ್ಮಿನೊಳಗೆ ಇಳಿದಿತ್ತು. ಪ್ರತಿ ಸಲವೂ ಹೊಸ ಸೀಲ್, ಪ್ರತಿ ಸಲವೂ ಕೆಲವೇ ತಿಂಗಳಲ್ಲಿ ಮತ್ತೆ ಸೋರಿಕೆ. ಸೀಲ್ ಕಂಪನಿ ಸರಿಯಿಲ್ಲ ಅಂತ ಕಾಕಾ ಬೈದುಕೊಂಡಿದ್ದರು.

ನಮ್ಮ ಮಿಸ್ತ್ರಿ ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದವರು, ಎದ್ದು ಬಂದು ಹೇಳಿದ್ದು ಒಂದೇ ಮಾತು: "ಅಣ್ಣಾರ, ಇಲ್ಲಿ ಯಾವನೋ ಬೋಲ್ಟ್ ಜಡದಾನ ನೋಡ್ರಿ."

ಆಕ್ಸಲ್ ಟ್ಯೂಬಿನ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಟೊಪ್ಪಿಗೆ ಹಾಕಿದ ಹಾಗೆ ಕಾಣುವ ಬ್ರೀದರ್ ಕೂತಿರಬೇಕು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಅದು ಮುರಿದಿದೆ. ಮುರಿದ ಜಾಗಕ್ಕೆ ಕೈಗೆ ಸಿಕ್ಕ ಬೋಲ್ಟ್ ತಿರುಗಿಸಿ ಮುಚ್ಚಿದ್ದಾರೆ. ಆಯಿಲ್ ಹೊರಗೆ ಬರಬಾರದು ಅಂತ ಮಾಡಿರಬೇಕು. ಆದರೆ ಆಯಿಲ್ ಹೊರಗೆ ಬಂದದ್ದೇ ಅದರಿಂದ.

ಹೌಸಿಂಗ್ ಒಳಗೆ ಅರ್ಧ ಆಯಿಲ್, ಉಳಿದದ್ದು ಗಾಳಿ. ಗಾಡಿ ಓಡಿದರೆ ಗೇರುಗಳು ಬಿಸಿಯಾಗುತ್ತವೆ, ಗಾಳಿ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಆ ಒತ್ತಡ ಎಲ್ಲಕ್ಕಿಂತ ಮೆತ್ತಗಿರುವ ಜಾಗ ಹುಡುಕುತ್ತದೆ. ಅದು ಸೀಲಿನ ತುಟಿ. ಆಯಿಲನ್ನು ತಳ್ಳಿಕೊಂಡು ಅಲ್ಲಿಂದ ಹೊರಗೆ ಬರುತ್ತದೆ. ನೀವು ಎಷ್ಟೇ ಒಳ್ಳೆಯ ಸೀಲ್ ಹಾಕಿ, ಬ್ರೀದರ್ ಮುಚ್ಚಿದ್ದರೆ ಅದು ಸೋರಿಯೇ ಸೋರುತ್ತದೆ.

ಇದು ಅರ್ಧ ಕಥೆ. ಉಳಿದರ್ಧ ಹಳ್ಳದಲ್ಲಿ ನಡೆಯುತ್ತದೆ. ಕೊಪ್ಪಳದಿಂದ ಬಿಸಿಲಿನಲ್ಲಿ ಓಡಿಬಂದ ಆಕ್ಸಲ್ ಒಳಗೆ ಗಾಳಿ 80 ಡಿಗ್ರಿ ಇದೆ ಅಂದುಕೊಳ್ಳಿ. ಸೀದಾ ಹಳ್ಳಕ್ಕೆ ಇಳಿದಿರಿ. ನೀರು ಹೌಸಿಂಗನ್ನು 30 ಡಿಗ್ರಿಗೆ ತಣ್ಣಗೆ ಮಾಡುತ್ತದೆ. ಒಳಗಿನ ಗಾಳಿ ಕುಗ್ಗಬೇಕು, ಹೊರಗಿನಿಂದ ಗಾಳಿ ಬರುವ ದಾರಿ ಇಲ್ಲ. ಲೆಕ್ಕ ಹಾಕಿದರೆ ಒತ್ತಡ ಏಳರಲ್ಲಿ ಒಂದು ಪಾಲು ಇಳಿಯುತ್ತದೆ. ಅದು ಸುಮಾರು 1.4 ಮೀಟರ್ ನೀರನ್ನು ಮೇಲೆಳೆಯುವಷ್ಟು ಹೀರಿಕೆ. ಆಯಿಲ್ ಸೀಲಿನ ತುಟಿ ಒಳಮುಖವಾಗಿ ಇರುತ್ತದೆ. ಒಳಗಿನ ಆಯಿಲನ್ನು ತಡೆಯಲು ಮಾಡಿದ ತುಟಿ ಅದು. ಹೊರಗಿನಿಂದ ಬರುವ ನೀರನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಆಕ್ಸಲ್ ನೀರನ್ನು ಕುಡಿಯಿತು. ಪ್ರತಿ ಮಳೆಗಾಲ, ಪ್ರತಿ ದಾಟುವಿಕೆಗೆ ಒಂದೊಂದು ಗುಟುಕು.

ಬ್ರೀದರ್ ತೆರೆದೇ ಇದ್ದು ನೀರಿನ ಮಟ್ಟಕ್ಕಿಂತ ಕೆಳಗಿದ್ದರೂ ಇದೇ ಗತಿ. ಆಗ ಸೀಲಿನ ಬದಲು ಬ್ರೀದರ್‌ನಿಂದಲೇ ನೀರು ಒಳಗೆ ಹೋಗುತ್ತದೆ. ಅದಕ್ಕೇ ಪೈಪ್ ಹಾಕಿ ಬ್ರೀದರ್‌ನ ಬಾಯಿಯನ್ನು ನೀರು ಮುಟ್ಟದ ಎತ್ತರಕ್ಕೆ ಒಯ್ಯಬೇಕು. ಇದು ಹೊಸ ವಿದ್ಯೆ ಅಲ್ಲ. 1950ರ ದಶಕದ ವಿಲ್ಲೀಸ್ ಎಂ38, ಅಮೆರಿಕದ ಸೈನ್ಯದ ಜೀಪು, ಆಳ ನೀರು ದಾಟಲೆಂದು ಕೆಲವು ಭಾಗಗಳ ಗಾಳಿಕೊಳವೆಗಳನ್ನು ಮೇಲಕ್ಕೆ ಎಳೆದುಕೊಂಡೇ ಕಾರ್ಖಾನೆಯಿಂದ ಬಂದಿತ್ತು. ಅದೇ ವಂಶದ ನಮ್ಮ ಹೊಲದ ಜೀಪಿಗೆ ಆ ಭಾಗ್ಯ ಇರಲಿಲ್ಲ. ಹಳ್ಳ ದಾಟುವುದು ಮಾತ್ರ ನಮ್ಮದೇ ಜಾಸ್ತಿ.

ಬಾಟಲಿಯಲ್ಲಿ ತೋರಿಸಿದ್ದು

ಕಾಕಾಗೆ ನಂಬಿಕೆ ಬರಲಿಲ್ಲ. ಹೊರಸಿನ ಮೇಲೆ ಕೂತು, "ಅಷ್ಟ ಸಣ್ಣ ತೂತಿನಾಗ ಏನೈತಿ ತಮ್ಮಾ? ಸೀಲ್ ಛಲೋದು ಹಾಕಸು, ಮುಗೀತು" ಅಂದರು. ಬಾಯಿಮಾತಿನಿಂದ ಆಗುವ ಕೆಲಸ ಅಲ್ಲ ಅಂತ ಗೊತ್ತಾಯಿತು. ಹೊಸ ಬೇರಿಂಗ್, ಸೀಲ್, 90 ನಂಬರ್ ಆಯಿಲ್ ಹಾಕಿ ಗಾಡಿ ಓಡುವ ಹಾಗಾದ ಮೇಲೆ ಒಂದು ಭಾನುವಾರ ಮಾಡಿ ತೋರಿಸಿದೆ.

ಗೌಂಡಿಗಳು ಮಟ್ಟ ನೋಡಲು ಬಳಸುವ ಲೆವೆಲ್ ಪೈಪ್ ಇದೆಯಲ್ವಾ, ಒಳಗಿನ ನೀರು ಕಾಣುವಂಥದ್ದು, ಅದನ್ನು ಎರಡು ಮೀಟರ್ ತಂದು ಹೌಸಿಂಗ್‌ನ ನಿಪ್ಪಲ್‌ಗೆ, ಅಂದರೆ ಬ್ರೀದರ್ ತೂತಿಗೆ ಕೂರಿಸಿದ ಮೂತಿಗೆ, ಸಿಕ್ಕಿಸಿದೆ. ಗಿಣಿಗೇರಿ ತನಕ ಹೋಗಿ ಬಂದೆವು. ಹೌಸಿಂಗ್ ಮೇಲೆ ಕೈ ಇಟ್ಟರೆ ಎರಡು ಸೆಕೆಂಡ್ ತಡೆಯಲು ಆಗುತ್ತಿರಲಿಲ್ಲ. ಗಾಡಿ ನಿಲ್ಲಿಸಿದ ತಕ್ಷಣ ಪೈಪನ್ನು ಚಾಸಿಯ ಮೇಲಿನಿಂದ ಹಾಯಿಸಿ, ಅದರ ತುದಿಯನ್ನು ನೆಲದ ಮೇಲಿನ ನೀರಿನ ಬಾಟಲಿಗೆ ಇಳಿಬಿಟ್ಟೆ. ನೀರಿಗೆ ಸ್ವಲ್ಪ ಕುಂಕುಮ ಹಾಕಿದ್ದೆ, ದೂರದಿಂದಲೂ ಕಾಣಲಿ ಅಂತ. ಮೊದಲು ಏನೂ ಆಗಲಿಲ್ಲ. ಆಮೇಲೆ ತಮ್ಮನ ಮಗ ಹೌಸಿಂಗ್ ಮೇಲೆ ಬಾವಿಯ ತಣ್ಣೀರು ಸುರಿಯಲು ಶುರು ಮಾಡಿದ. ಒಂದು ಬಕೆಟ್, ಎರಡು ಬಕೆಟ್. ಕೆಂಪು ನೀರು ಪೈಪಿನಲ್ಲಿ ಎದ್ದಿತು. ನಿಧಾನಕ್ಕೆ, ನಿಲ್ಲದೆ. ಮೂರನೇ ಬಕೆಟ್ಟಿಗೆ ಒಂದು ಮೊಳ ಏರಿತ್ತು.

ಕಾಕಾ ಹೊರಸಿನಿಂದ ಎದ್ದು ಬಂದು ಬಗ್ಗಿ ನಿಂತರು. "ಏರಾಕತ್ತೈತಿ ನೋಡೋ! ಯಾರೂ ಜಗ್ಗವಲ್ಲರು, ತಾನ ಏರಾಕತ್ತೈತಿ!" ನಾನು ಪೈಪಿನ ತುದಿಯನ್ನು ಬಾಟಲಿಯಿಂದ ಎತ್ತಿದೆ. ಏರಿದ್ದ ನೀರನ್ನೂ ಅದು ಒಳಗೆ ಎಳೆದುಕೊಳ್ಳಬಾರದು ಅಂತ ಪೈಪನ್ನು ನಿಪ್ಪಲ್ಲಿನಿಂದ ಕಿತ್ತೆ. ಸಣ್ಣಗೆ 'ಸ್ಸ್' ಅಂತ ಹೌಸಿಂಗ್ ಗಾಳಿ ಎಳೆದುಕೊಂಡ ಸದ್ದು ಮೂವರಿಗೂ ಕೇಳಿತು. ಆ ದಿನದಿಂದ ಕಾಕಾ ಈ ಕೆಲಸದಲ್ಲಿ ನನಗಿಂತ ಮುಂದೆ.

ಯಾವ ಪೈಪ್?

ಕೊಪ್ಪಳದ ಅಂಗಡಿಗಳಲ್ಲಿ 8 ಎಂಎಂ ಅಂತ ಕೇಳಿದರೆ ನಾಲ್ಕು ತರದ ಪೈಪ್ ಕೊಡುತ್ತಾರೆ. ನೋಡಲು ಎಲ್ಲವೂ ಒಂದೇ. ನಾಲ್ಕರಲ್ಲೂ ಬೆರಳುದ್ದದ ತುಂಡು ಕತ್ತರಿಸಿ, ನಾಲ್ಕು ಉಪ್ಪಿನಕಾಯಿ ಬಾಟಲಿಗಳಲ್ಲಿ ಗೇರ್ ಆಯಿಲ್, ಸ್ವಲ್ಪ ಡೀಸೆಲ್ ಹಾಕಿ ಮುಳುಗಿಸಿದೆ. ಹತ್ತು ದಿನ ಮಾಳಿಗೆ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ ಇಟ್ಟೆ.

ರೇಡಿಯೇಟರ್‌ಗೆ ಹಾಕುವಂಥ ನೀರಿನ ರಬ್ಬರ್ ಪೈಪ್ ಉಬ್ಬಿ ದಪ್ಪಗಾಗಿತ್ತು. ಹಿಂಡಿದರೆ ಬೆಂದ ಬದನೆಕಾಯಿ ಹಾಗೆ ಮೆತ್ತಗೆ. ಅದು ನೀರಿಗೆಂದು ಮಾಡಿದ ರಬ್ಬರ್, ಆಯಿಲ್ ಕಂಡರೆ ಹೀರಿಕೊಂಡು ಉಬ್ಬುತ್ತದೆ. ಒಳಗಿನ ದಾರಿಯೂ ಕಿರಿದಾಗುತ್ತದೆ. ಲೆವೆಲ್ ಪೈಪ್ ಹಳದಿ ತಿರುಗಿ ಕಟ್ಟಿಗೆಯ ಹಾಗೆ ಬಿರುಸಾಯಿತು. ಪರೀಕ್ಷೆಗೆ ಒಂದು ದಿನ ಬಳಸಲು ಅಡ್ಡಿಯಿಲ್ಲ, ಗಾಡಿಯಲ್ಲಿ ಬಿಟ್ಟರೆ ಆರು ತಿಂಗಳಲ್ಲಿ ನಿಪ್ಪಲ್ ಮೇಲಿನ ಹಿಡಿತ ಬಿಡುತ್ತದೆ. ನೈಟ್ರೈಲ್ ರಬ್ಬರಿನ ಡೀಸೆಲ್ ಪೈಪ್, ಒಳಗೆ ದಾರದ ಹೆಣಿಗೆ ಇರುವಂಥದ್ದು, ಹಾಕಿದ ಹಾಗೇ ಇತ್ತು.

ನಾಲ್ಕನೆಯದು ನೀಲಿ ಬಣ್ಣದ ಪಿಯು (ಪಾಲಿಯುರೆಥೇನ್) ಪೈಪ್, ಕಂಪ್ರೆಸರ್ ಗಾಳಿಗೆ ಬಳಸುವಂಥದ್ದು. ಗಿಣಿಗೇರಿ ಕಡೆ ಕಾರ್ಖಾನೆಗಳು ಜಾಸ್ತಿ, ಹಾಗಾಗಿ ಇದು ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ. ಅಗ್ಗ, ಹಗುರ, ಆಯಿಲ್‌ಗೂ ಜಗ್ಗುವುದಿಲ್ಲ. ಜೀಪು ಕಟ್ಟುವವರು ಬಹಳ ಮಂದಿ ಇದನ್ನೇ ಹಾಕುತ್ತಾರೆ. ನಾನೂ ಮೊದಲು ಇದನ್ನೇ ಹಾಕಿದೆ. ಸಾಮಾನ್ಯ ಪಿಯು ಪೈಪನ್ನು 60 ಡಿಗ್ರಿ ಆಸುಪಾಸಿನ ಶಾಖಕ್ಕೆ ಮಾಡಿರುತ್ತಾರೆ. ಗೇರ್‌ಬಾಕ್ಸಿನ ಪೈಪು ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರದಲ್ಲಿ ಹಾದಿತ್ತು. ಸಾಕಷ್ಟು ದೂರ ಇದೆ ಅಂದುಕೊಂಡಿದ್ದೆ. ಕುಷ್ಟಗಿಗೆ ಹೋಗಿ ಬಂದು ನೋಡಿದರೆ ಅದು ಚಪ್ಪಟೆಯಾಗಿ ಒಳಗೊಳಗೇ ಅಂಟಿಕೊಂಡಿತ್ತು. ಮುಚ್ಚಿದ ಬ್ರೀದರ್ ಅಂದರೆ ಮತ್ತದೇ ಬೋಲ್ಟ್ ಹೊಡೆದ ಹಾಗೆ ಅಲ್ವಾ? ಎಲ್ಲವನ್ನೂ ಕಿತ್ತು ನೈಟ್ರೈಲ್ ಹಾಕಿದೆ. ಪಿಯು ಬೇಕೇ ಬೇಕು ಅನ್ನುವವರು ಆಕ್ಸಲ್‌ನ ಕಡೆ, ಸೈಲೆನ್ಸರ್ ಇಲ್ಲದ ಬದಿಯಲ್ಲಿ ಮಾತ್ರ ಬಳಸಿ.

ನಿಪ್ಪಲ್

ಯಾರೋ ಜಡಿದ ಬೋಲ್ಟಿನ ಚೂಡಿ ಆಕ್ಸಲ್‌ನ ಚೂಡಿಗೆ ಹೊಂದಿರಲಿಲ್ಲ. ಎಳೆಗಳು ಹಾಳಾಗಿದ್ದವು. ಕೊಪ್ಪಳದ ಒಬ್ಬ ಲೇತ್ ಕೆಲಸದವರು ತೂತನ್ನು ಒಂದು ಸೈಜ್ ದೊಡ್ಡದು ಮಾಡಿ, ಟ್ಯಾಪ್ ಹೊಡೆದು ಹೊಸ ಚೂಡಿ ಕೊರೆದರು. ಹಿತ್ತಾಳೆಯಲ್ಲಿ ಮೊಣಕೈ ಆಕಾರದ ನಿಪ್ಪಲ್ ಮಾಡಿಕೊಟ್ಟರು. ಪೈಪ್ ಜಾರದ ಹಾಗೆ ತುದಿಯಲ್ಲಿ ಎರಡು ಉಂಗುರದ ಏಣು. ಈ ಕೆಲಸ ಹೌಸಿಂಗ್ ಖಾಲಿ ಇರುವಾಗಲೇ ಮುಗಿಸಿ. ಟ್ಯಾಪ್ ಹೊಡೆದ ಲೋಹದ ಚೂರು ಒಳಗೆ ಬಿದ್ದೇ ಬೀಳುತ್ತದೆ. ಅದು ಬೇರಿಂಗಿಗೆ ಹೋದರೆ ಮುಗಿಯಿತು. ನಾನು ಟ್ಯಾಪಿಗೆ ಗಟ್ಟಿಯಾಗಿ ಗ್ರೀಸ್ ಬಳಿಸಿದೆ, ಚೂರು ಗ್ರೀಸಿಗೆ ಅಂಟಿ ಬರಲಿ ಅಂತ. ಆಮೇಲೆ ಟ್ಯೂಬಿನೊಳಗೆ ಅಯಸ್ಕಾಂತ ಕಟ್ಟಿದ ಕಡ್ಡಿ ಆಡಿಸಿ, ಡೀಸೆಲ್‌ನಲ್ಲಿ ಎರಡು ಸಲ ತೊಳೆದೆ.

ಮುಂದಿನ ಆಕ್ಸಲ್‌ನಲ್ಲಿ ಹಳೆಯ ಬ್ರೀದರ್ ಇತ್ತು, ಆದರೆ ಎರೆ ಮಣ್ಣು ಒಣಗಿ ಸಿಮೆಂಟಿನ ಹಾಗೆ ಕೂತಿತ್ತು. ಅದರ ಮೇಲೆ ಯಾರೋ ಕಪ್ಪು ಪೇಂಟ್ ಬೇರೆ ಹೊಡೆದಿದ್ದರು. ಗಾಡಿ ರಿಪೇರಿ ಮಾಡುವವರಿಗೆ ಕೈಮುಗಿದು ಕೇಳುತ್ತೇನೆ, ಚಾಸಿಗೆ ಪೇಂಟ್ ಹೊಡೆಯುವ ಮೊದಲು ಬ್ರೀದರ್‌ಗೆ ಟೇಪ್ ಸುತ್ತಿ. ಟೊಪ್ಪಿಗೆಯ ಬ್ರೀದರನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ಪೈಪ್ ಏರಿಸುವ ಪ್ರಯತ್ನವನ್ನೂ ಮಾಡಬೇಡಿ. ಕೆಲವು ಟೊಪ್ಪಿಗೆಗಳು ಗಾಳಿಯನ್ನು ಹೊರಗೆ ಬಿಡುತ್ತವೆ, ಒಳಗೆ ಸಲೀಸಾಗಿ ಬಿಡುವುದಿಲ್ಲ. ಪೈಪ್ ಹಾಕುವುದಾದರೆ ನೇರ ತೂತಿನ ನಿಪ್ಪಲ್ಲೇ ಬೇಕು.

ದಾರಿ ಹುಡುಕಿದ್ದು

ಪೈಪ್ ಎಳೆಯುವುದು ನೋಡಲು ಸುಲಭ. ಎಲ್ಲಿ ಹಾಯಿಸುವುದು ಅನ್ನುವುದಕ್ಕೇ ಎರಡು ವಾರ ಹಿಡಿಯಿತು.

ಹಿಂದಿನ ಆಕ್ಸಲ್‌ನ ಪೈಪನ್ನು ಮೊದಲು ಚಾಸಿಯ ಒಳಬದಿಯಲ್ಲಿ ಮುಂದಕ್ಕೆ ತಂದು ಬಾನೆಟ್ಟಿನೊಳಗೆ ಏರಿಸಿದ್ದೆ. ಎಲ್ಲ ಬ್ರೀದರ್‌ಗಳೂ ಒಂದೇ ಕಡೆ ಸಾಲಾಗಿ ಕಂಡರೆ ಚಂದ ಅಲ್ವಾ ಅನ್ನುವ ಆಸೆ. ಚಂದ ಕಂಡಿತು. ಆದರೆ ಮೂರು ಮೀಟರಿಗಿಂತ ಉದ್ದದ ಪೈಪು ಬಹುತೇಕ ಮಲಗಿಕೊಂಡೇ ಇತ್ತು. ಎರಡು ಕ್ಲಿಪ್ ನಡುವೆ ಸ್ವಲ್ಪ ಜೋತಿತ್ತು. ಜೋತ ಜಾಗದಲ್ಲಿ ಏನಾಗುತ್ತದೆ ಗೊತ್ತಾ? ಬಿಸಿ ಹೌಸಿಂಗ್‌ನಿಂದ ಆಯಿಲಿನ ಆವಿ, ತೇವ ಎರಡೂ ಬರುತ್ತವೆ. ರಾತ್ರಿ ತಣ್ಣಗಾದಾಗ ಹನಿಯಾಗಿ ಆ ಗುಂಡಿಯಲ್ಲಿ ನಿಲ್ಲುತ್ತವೆ. ಒಂದು ಚಮಚ ನಿಂತರೆ ಸಾಕು, ಪೈಪ್ ಮುಚ್ಚಿದ ಹಾಗೆ. ಮನೆಯ ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತು ವಾಸನೆ ತಡೆಯುವುದಿಲ್ಲವಾ, ಅದೇ ಲೆಕ್ಕ. ಸಿಂಕಿಗೆ ಅದು ಬೇಕು, ಆಕ್ಸಲ್‌ಗೆ ಬೇಡ.

ಅದಕ್ಕೇ ಒಂದು ನಿಯಮ ಇಟ್ಟುಕೊಂಡೆ: ಪೈಪ್ ನಿಪ್ಪಲ್ ಬಿಟ್ಟಲ್ಲಿಂದ ತುದಿಯ ತನಕ ಏರುತ್ತಲೇ ಇರಬೇಕು, ಎಲ್ಲೂ ಇಳಿಯಬಾರದು. ಒಳಗೆ ಹನಿ ಬಿದ್ದರೆ ಅದು ವಾಪಸ್ ಹೌಸಿಂಗ್‌ಗೆ ಜಾರಬೇಕು. ಹೀಗೆ ನೋಡಿದರೆ ಹಿಂದಿನ ಆಕ್ಸಲ್‌ಗೆ ಹಿಂದೆಯೇ ಮೇಲೆ ಏರುವುದು ವಾಸಿ. ಈಗ ಅದು ಚಾಸಿಯ ಎಡ ಪಟ್ಟಿಯ ಒಳಗಿನಿಂದ ಎದ್ದು, ಗಾಡಿಯ ತೊಟ್ಟಿಯಂಥ ಬಾಡಿಯ ಹಿಂದಿನ ಮೂಲೆಯಲ್ಲಿ ತಗಡಿಗೆ ಒರಗಿಕೊಂಡು, ಮೇಲಂಚಿನ ಕೆಳಗೆ ನಿಂತಿದೆ. ನೆಲದಿಂದ ಮೂರೂವರೆ ಅಡಿ. ಆ ಮಟ್ಟದ ನೀರಿಗೆ ಹಳ್ಳದಲ್ಲಿ ಯಾರೂ ಗಾಡಿ ಇಳಿಸಬಾರದು. ಬ್ರೀದರ್ ಇದೆ ಅಂತ ಹರಿಯುವ ನೀರಿಗೆ ಸವಾಲು ಹಾಕುವ ಕೆಲಸ ಬೇಡ. ಪೈಪ್ ಇರುವುದು ಮೊಣಕಾಲಿನ ನೀರಿನಲ್ಲಿ ಆಕ್ಸಲ್ ಉಳಿಯಲಿ ಅಂತ.

ಮುಂದಿನ ಆಕ್ಸಲ್, ಗೇರ್‌ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಈ ಮೂರೂ ಬಾನೆಟ್ಟಿನೊಳಗೆ, ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲ್ಭಾಗಕ್ಕೆ ಬಂದಿವೆ. ಮೂರಕ್ಕೂ ಮೂರು ಬೇರೆ ಪೈಪ್. ಇಂಗ್ಲಿಷಿನ T ಆಕಾರದ ಜೋಡಣೆ ಹಾಕಿ ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸಿದರೆ ಪೈಪ್ ಉಳಿಯುತ್ತದೆ, ನಿಜ. ಆದರೆ ಒಂದು ಕಡೆ ನೀರು ಹೊಕ್ಕರೆ ಇನ್ನೊಂದು ಕಡೆ ಹೀರಿಕೊಳ್ಳುತ್ತದೆ. ಎಲ್ಲಿಂದ ಬಂತು ಅಂತ ಹುಡುಕುವುದೂ ಕಷ್ಟ. ಉಳಿಯುವ ಪೈಪಿನ ಬೆಲೆ ನೂರು, ನೂರೈವತ್ತು ರೂಪಾಯಿ. ಒಂದು ಬೇರಿಂಗಿನ ಬೆಲೆ ನೀವೇ ಕೇಳಿ ನೋಡಿ.

ಆಕ್ಸಲ್ ಕುಣಿಯುತ್ತದೆ, ಚಾಸಿ ಕುಣಿಯುವುದಿಲ್ಲ. ಇದನ್ನು ಮರೆತೇ ಮೊದಲ ಪೈಪ್ ಕಳಕೊಂಡೆ. ಗಾಡಿ ನೆಲದ ಮೇಲೆ ನಿಂತಿದ್ದಾಗ ಅಳೆದು, ಸಡಿಲ ಕಾಣಬಾರದು ಅಂತ ಬಿಗಿಯಾಗಿ ಕತ್ತರಿಸಿದ್ದೆ. ಹೊಲದ ಬದು ಹತ್ತಿ ಇಳಿಯುವಾಗ ಚಕ್ರ ಗಾಳಿಯಲ್ಲಿ ಜೋತಿತು, ಪೈಪ್ ನಿಪ್ಪಲ್‌ನಿಂದ ಕಿತ್ತು ಬಂತು. ಗೊತ್ತಾದದ್ದು ಎರಡು ದಿನದ ಮೇಲೆ, ತೊಳೆಯುವಾಗ. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಚಕ್ರ ಪೂರ್ತಿ ಜೋತುಬೀಳುವ ತನಕ ಕಾದು, ಆಗ ಅಳತೆ ತೆಗೆದೆ. ನೆಲದ ಮೇಲಿನ ಅಳತೆಗಿಂತ 12 ಸೆಂ.ಮೀ. ಜಾಸ್ತಿ ಬೇಕಿತ್ತು. ಅದರ ಮೇಲೆ ಇನ್ನೂ ನಾಲ್ಕು ಬೆರಳು ಬಿಟ್ಟೆ. ಆಮೇಲೆ ಗಾಡಿ ಇಳಿಸಿ, ಹಿಂದೆ ನಾಲ್ಕು ಮಂದಿ ಕೂತು, ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಆ ಸಡಿಲ ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆವು. ಅದು ಕೆಳಗೆ ಜೋಲಬಾರದು, ಪಕ್ಕಕ್ಕೆ ಬಳ್ಳಿಯ ಹಾಗೆ ಬಾಗಬೇಕು. ಮೊಣಕೈ ನಿಪ್ಪಲನ್ನು ಸ್ವಲ್ಪ ತಿರುಗಿಸಿದರೆ ಅದು ಹಾಗೇ ಬಾಗುತ್ತದೆ.

ಮುಂದಿನದಕ್ಕೆ ಇದರ ಜೊತೆ ಸ್ಟಿಯರಿಂಗ್ ಬೇರೆ. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ರಾಡ್ ಎಲ್ಲೂ ಮುಟ್ಟುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತಿರುಗುವ ಶಾಫ್ಟಿನಿಂದ ದೂರ ಇರಲಿ. ಬ್ರೇಕಿನ ರಬ್ಬರ್ ಹೋಸ್ ಯಾವ ದಾರಿಯಲ್ಲಿ ಹೋಗಿದೆಯೋ ಅದೇ ಒಳ್ಳೆಯ ದಾರಿ, ಗಾಡಿ ಮಾಡಿದವರು ಯೋಚಿಸಿಯೇ ಅಲ್ಲಿ ಹಾಯಿಸಿರುತ್ತಾರೆ. ಆದರೆ ಬ್ರೀದರ್ ಪೈಪನ್ನು ಬ್ರೇಕ್ ಹೋಸಿಗೇ ಕಟ್ಟಬೇಡಿ. ಎರಡೂ ಒಂದಕ್ಕೊಂದು ಉಜ್ಜಿದರೆ ಸವೆಯುವುದು ಬ್ರೇಕ್ ಹೋಸ್. ಪ್ಲಾಸ್ಟಿಕ್ ಟೈ ಪಟ್ಟಿಯ ಬದಲು ರಬ್ಬರ್ ಒಳಪದರ ಇರುವ ತಗಡಿನ ಕ್ಲಿಪ್ ಹಾಕಿದ್ದೇನೆ. ನಮ್ಮ ಕಡೆಯ ಬಿಸಿಲಿಗೆ ಪ್ಲಾಸ್ಟಿಕ್ ಪಟ್ಟಿ ಎರಡು ಬೇಸಿಗೆ ಬಾಳುವುದಿಲ್ಲ.

ಎಂಜಿನ್ ಮತ್ತು ಟ್ಯಾಂಕು

ಎಂಜಿನ್ನಿನ ಬ್ರೀದರ್ ಬೇರೆ ಜಾತಿ. ಅದನ್ನು ಆಕ್ಸಲ್ ಪೈಪುಗಳ ಜೊತೆ ಎಂದೂ ಸೇರಿಸಬೇಡಿ. ಪಿಸ್ಟನ್ ರಿಂಗಿನ ಸಂದಿಯಿಂದ ಇಳಿಯುವ ಹೊಗೆ ಅದರಲ್ಲಿ ಸತತವಾಗಿ ಬರುತ್ತಿರುತ್ತದೆ, ಹಾಗಾಗಿ ಪೈಪ್ ದಪ್ಪ ಬೇಕು. ನನ್ನ ಗಾಡಿಯಲ್ಲಿ ಅದು ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಗಾಳಿದಾರಿಗೆ ಸೇರುತ್ತದೆ. ಹಳೆಯ ರಬ್ಬರ್ ಹೆಬ್ಬೆರಳಿನಲ್ಲಿ ಒತ್ತಿದರೆ ಹಿಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು. ಎಂಜಿನ್ ಗಾಳಿ ಎಳೆದಾಗ ಅದು ಕುಗ್ಗಿ ಮುಚ್ಚುತ್ತಿತ್ತು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೂತಿನ ಸುತ್ತ ಆಯಿಲ್ ಕಾರಿದ ಗುರುತು ಯಾಕೆ ಇತ್ತು ಅಂತ ಆಗ ತಿಳಿಯಿತು. ದಾರದ ಹೆಣಿಗೆಯ ಹೊಸ ಪೈಪ್ ಹಾಕಿದೆ.

ಡೀಸೆಲ್ ಗಾಡಿ ಇರುವವರು ಒಂದು ಮಾತು ನೆನಪಿಡಿ. ಎಂಜಿನ್ ಆಯಿಲನ್ನು ಗುರುತಿಗಿಂತ ಜಾಸ್ತಿ ತುಂಬಿದರೆ, ಅಥವಾ ರಿಂಗ್ ಪೂರ್ತಿ ಸವೆದಿದ್ದರೆ, ಈ ಪೈಪಿನಿಂದ ಆಯಿಲ್ ಗಾಳಿದಾರಿಗೆ ಹೋಗುತ್ತದೆ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ತಾನೇ ತಾನಾಗಿ ಓಡಬಹುದು. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಪೈಪ್ ಬಿಚ್ಚಿದಾಗ ಒಳಗೆ ತೇವದ ಪದರ ಇದ್ದರೆ ಪರವಾಗಿಲ್ಲ, ಆಯಿಲ್ ಹರಿದು ಬಂದರೆ ಗಾಡಿ ಚಾಲೂ ಮಾಡುವ ಮೊದಲು ಕಾರಣ ಹುಡುಕಿ.

ಟ್ಯಾಂಕಿನ ಗಾಳಿಪೈಪ್ ಸಣ್ಣ ಕೆಲಸ. 40 ಲೀಟರ್ ಡೀಸೆಲ್ ಬೆಳಗಿನಿಂದ ಮಧ್ಯಾಹ್ನಕ್ಕೆ 15 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು. ಡೀಸೆಲ್ ಖಾಲಿಯಾದ ಹಾಗೆ ಗಾಳಿ ಒಳಗೆ ಬರಲೂ ಬೇಕು, ಇಲ್ಲದಿದ್ದರೆ ಒಂದು ತಾಸು ಓಡಿ ಎಂಜಿನ್ ಜಗ್ಗಲು ಶುರು ಮಾಡುತ್ತದೆ. ಮುಚ್ಚಳ ಬಿಚ್ಚಿದ ಕೂಡಲೇ ಸರಿಹೋದರೆ ಇದೇ ತೊಂದರೆ ಅಂತ ತಿಳಿಯಿರಿ. ಇದಕ್ಕೂ ಬೇರೆ ಪೈಪ್, ಬೇರೆ ತುದಿ, ಸೈಲೆನ್ಸರಿನಿಂದ ದೂರ.

ತುದಿಗೆ ಏನು

ತುದಿಯನ್ನು ಬರಿದಾಗಿ ಬಿಟ್ಟರೆ ಎರಡು ಶತ್ರು. ಒಂದು, ಗಿಣಿಗೇರಿ ರಸ್ತೆಯ ಕಪ್ಪು ಧೂಳು. ಇನ್ನೊಂದು ಕಡಜ. ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ 8 ಎಂಎಂ ತೂತು ಅಂದರೆ ಕಟ್ಟಿಟ್ಟ ಮನೆ. ಮಳೆ ಬಿದ್ದು ವಾರಕ್ಕೆ ಒಂದು ಪೈಪಿನ ಬಾಯಿ ನುಣ್ಣಗೆ ಮೆತ್ತಿದ ಮಣ್ಣಿನಿಂದ ಮುಚ್ಚಿತ್ತು. ಒಳಗೆ ಹುಳ, ಅದಕ್ಕೆ ತಿನ್ನಲು ತಂದಿಟ್ಟ ಜೇಡ.

ಬೈಕಿನ ಪೆಟ್ರೋಲ್ ಫಿಲ್ಟರ್ ಹಾಕಿ ನೋಡಿದೆ. ಒಳಗಿನ ಕಾಗದ ಮಳೆಯ ತೇವಕ್ಕೆ ನೆನೆದು, ಧೂಳು ಹಿಡಿದು ಗಟ್ಟಿಯಾಯಿತು. ಕೊನೆಗೆ ಸರಿಹೋದದ್ದು ಕಂಪ್ರೆಸರ್ ಗಾಳಿಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕ ಕಂಚಿನ ಮಫ್ಲರ್. ಗಾಳಿಯ ವಾಲ್ವ್ ಸದ್ದು ಕಡಿಮೆ ಮಾಡಲು ಬಳಸುತ್ತಾರೆ. ಕಂಚಿನ ಸಣ್ಣ ಗುಂಡುಗಳನ್ನು ಒತ್ತಿ ಬೆಸೆದ ಹಾಗೆ ಇರುತ್ತದೆ, ಬೆಲ್ಲದ ರವೆ ಉಂಡೆಯ ಹಾಗೆ ತರಿ ತರಿ. ಗಾಳಿ ಆಡುತ್ತದೆ, ಕಡಜ ಹೋಗುವುದಿಲ್ಲ. ಕೊಳೆಯಾದರೆ ಡೀಸೆಲ್‌ನಲ್ಲಿ ಅದ್ದಿ ಕಂಪ್ರೆಸರಿನಲ್ಲಿ ಊದಿದರೆ ಮತ್ತೆ ಹೊಸದು. ಏರುತ್ತಲೇ ಇರಬೇಕು ಅಂದ ನಿಯಮಕ್ಕೆ ಇಲ್ಲೊಂದೇ ವಿನಾಯಿತಿ. ಪೈಪಿನ ತುದಿಯನ್ನು ಕೊಡೆಯ ಹಿಡಿಕೆಯ ಹಾಗೆ ಬಗ್ಗಿಸಿ, ಮಫ್ಲರ್ ಕೆಳಮುಖ ಮಾಡಿದ್ದೇನೆ. ಮಳೆ ನೀರು ನೇರ ಒಳಗೆ ಇಳಿಯಬಾರದಲ್ವಾ.

ಪೈಪ್, ನಿಪ್ಪಲ್, ಕ್ಲಿಪ್, ಮಫ್ಲರ್, ಲೇತಿನ ಕೂಲಿ, ಹಾಳು ಮಾಡಿದ ನೀಲಿ ಪೈಪ್ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ.

ಹಳ್ಳ

ಹಳ್ಳದಲ್ಲಿ ಹದವಾಗಿ ನೀರು ಇದ್ದ ಒಂದು ಬೆಳಗ್ಗೆ ಹೊರಟೆವು. ನಾನು, ಕಾಕಾ, ಮಿಸ್ತ್ರಿ. ಆಕ್ಸಲ್ ಬಿಸಿಯಾಗಲಿ ಅಂತ ಸುತ್ತು ಹಾಕಿ 30 ಕಿ.ಮೀ. ಓಡಿಸಿದೆ. ಇಳಿಯುವ ಮೊದಲು ಕಾಕಾ ಕೋಲು ಹಿಡಿದು ನಡೆದು ದಾಟಿ ಆಳ ನೋಡಿದರು. ಮೊಣಕಾಲಿಗಿಂತ ಸ್ವಲ್ಪ ಕೆಳಗೆ. ನಾಲ್ಕೂ ಚಕ್ರಕ್ಕೆ ಹಾಕಿ, ಒಂದನೇ ಗೇರಿನಲ್ಲಿ ನಿಧಾನಕ್ಕೆ ನಡುವಿಗೆ ಹೋಗಿ ನಿಲ್ಲಿಸಿದೆ. ಹೌಸಿಂಗ್ ಎರಡೂ ಮುಳುಗಿದ್ದವು. ಮಿಸ್ತ್ರಿ ಹಿಂದಿನ ಮೂಲೆಯ ಮಫ್ಲರ್ ಹತ್ತಿರ ಒದ್ದೆ ಬೆರಳು ಹಿಡಿದರು. "ಎಳೀತೈತ್ರಿ ಅಣ್ಣಾರ. ತಣ್ಣಗ ಹತ್ತತೈತಿ." ನಾನೂ ಬೆರಳು ಹಿಡಿದೆ. ಹೌದು, ಬಹಳ ಸಣ್ಣಗೆ, ಗಾಳಿ ಒಳಗೆ ಹೋಗುತ್ತಿತ್ತು. ಹತ್ತು ನಿಮಿಷ ಹಾಗೇ ನಿಂತೆವು.

ರಾತ್ರಿಯಿಡೀ ಗಾಡಿ ಅಂಗಳದಲ್ಲಿ ಅಲುಗದೆ ನಿಂತಿತು. ನೀರು ಇದ್ದರೆ ತಳಕ್ಕೆ ಇಳಿಯಲಿ ಅಂತ. ಬೆಳಗ್ಗೆ ಹಿಂದಿನ ಡ್ರೇನ್ ಬೋಲ್ಟನ್ನು ಪಾನಾ ಹಾಕಿ ಸಡಿಲ ಮಾಡಿ, ಪೂರ್ತಿ ತೆಗೆಯದೆ, ಮೊದಲು ಬರುವುದನ್ನು ಗಾಜಿನ ಲೋಟಕ್ಕೆ ಹಿಡಿದೆ. ಜೋನಿ ಬೆಲ್ಲದ ಬಣ್ಣದ ಆಯಿಲ್. ಬಿಸಿಲಿಗೆ ಹಿಡಿದರೆ ಆಚೆಯ ಬೇವಿನ ಮರ ಕಾಣುತ್ತಿತ್ತು. ಕಾಕಾ ಎರಡು ಬೆರಳಿನಲ್ಲಿ ಉಜ್ಜಿ, ಮೂಸಿ, ಲೋಟವನ್ನು ಕೂತಲ್ಲೇ ಪಕ್ಕದಲ್ಲಿ ಇಟ್ಟುಕೊಂಡರು. ಮಧ್ಯಾಹ್ನ ಊಟಕ್ಕೆ ಕರೆದಾಗಲೂ ಅದು ಅಲ್ಲೇ ಇತ್ತು.

ಮುಂದಿನ ಆಕ್ಸಲ್‌ನದೂ ಹಾಗೇ ಶುದ್ಧ. ಟ್ರಾನ್ಸ್‌ಫರ್ ಕೇಸಿನ ಪೈಪಿನ ಒಂದು ಕ್ಲಿಪ್ ಮಾತ್ರ ಫ್ಲೋರಿನ ತಗಡಿಗೆ ತಾಗಿ ಕಟಕಟ ಅನ್ನುತ್ತಿದೆ. ಅದನ್ನು ಎರಡು ಬೆರಳು ಎಡಕ್ಕೆ ಸರಿಸಬೇಕು.